ಎರಡು ಹೊಟ್ಟೆಯ ಕಾರು ಮತ್ತು ನಮ್ಮ ಭಾವ

ಭಾವ ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಆತನ ಫೋನಿನಲ್ಲಿ ಹುಡುಕಿದರೆ ಒಬ್ಬನೇ ಇರುವ ಚಿತ್ರ ಒಂದೂ ಇಲ್ಲ. ಎಲ್ಲದರಲ್ಲೂ ಬಿಳಿ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ, ಹೊಟ್ಟೆ ಒಳಗೆಳೆದುಕೊಂಡು, ಯಾರೋ ಸನ್ಮಾನ ಮಾಡಲು ಬರುತ್ತಿದ್ದಾರೆ ಎಂಬಂತೆ ನಿಂತಿದ್ದಾನೆ. ಅಕ್ಕ ಯಾವುದರಲ್ಲೂ ಇಲ್ಲ. ಒಂದರಲ್ಲಿ ಮಾತ್ರ ಕಾರಿನ ಗಾಜಿನೊಳಗೆ ಫೋಟೋ ತೆಗೆಯುತ್ತಿರುವ ಆಕೆಯ ನೆರಳು ಬಿದ್ದಿದೆ.

ಫ್ರೇಮಿನ ಅಂಗಡಿಯವನು ಕೇಳಿದ, "ಕಾರ್ ಕಟ್ ಮಾಡ್ಲೇನಕ್ಕ?"

"ಮಾಡಪ್ಪ."

"ಕಟ್ ಮಾಡಿದ್ರ ಸಾರ್ ಕೈ ಅರ್ಧ ಹೋಗ್ತೈತಿ."

"ಹೋಗ್ಲಿ ಬಿಡು," ಅಂದೆ.

ಮಾತಾಡಿಸಲು ಬಂದ ನೆಂಟರೆಲ್ಲ ಒಂದೇ ಮಾತು ಹೇಳಿಹೋದರು, "ಭಾಳ ತಿಳಿದ ಮನುಷ್ಯ." ನಾನು ಪೆದ್ದಹರಿವಾಣದ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ತಪ್ಪು ಉತ್ತರಕ್ಕೆ ಕೆಂಪು ಗೀಟು ಹಾಕುವುದು ನನ್ನ ಉದ್ಯೋಗ. ನೆಂಟರ ಮುಂದೆ ಗೀಟು ಹಾಕಲು ಆಗಲಿಲ್ಲ, ಇಲ್ಲಿ ಹಾಕುತ್ತಿದ್ದೇನೆ. ಬದುಕಿರುವಷ್ಟು ಕಾಲ ಆತನನ್ನು ಬಹುವಚನದಲ್ಲೇ ಮಾತಾಡಿಸಿದ್ದೇನೆ. ಅಷ್ಟು ಮರ್ಯಾದೆ ಸಾಕು.

ಗಡಿಯಾಚೆಯ ತೆಲುಗು ಸೀಮೆಗೆ ಸೇರಿದ ನಮ್ಮ ಆದೋನಿಯ ಮಾರ್ಕೆಟ್ ಯಾರ್ಡಿನ ಹತ್ತಿರ ಭಾವನಿಗೆ ಬೀಜ ಮತ್ತು ಕ್ರಿಮಿನಾಶಕದ ಅಂಗಡಿಯಿತ್ತು. ಒಮ್ಮೆ ನಾನು ಅಲ್ಲಿ ಕೂತಿದ್ದಾಗ ಗೋನೆಗಂಡ್ಲದ ರೈತನೊಬ್ಬ ಬಂದ. ಬಿತ್ತಿದ ಹತ್ತಿಬೀಜ ಮೊಳೆತಿರಲಿಲ್ಲ. ಮಣ್ಣು ಕೆದರಿ ತೆಗೆದ ಬೀಜವನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದಿದ್ದ. ಭಾವ ಒಂದು ಬೀಜ ಎತ್ತಿ ಮೂಸಿ ನೋಡಿದ.

"ಬೀಜದಾಗ ಏನೂ ದೋಷ ಇಲ್ಲಪ್ಪ. ನೀ ಬಿತ್ತಿದ್ದ ಸರಿಯಿಲ್ಲ."

"ನಮ್ಮಪ್ಪ ಬಿತ್ತಿದಂಗ ಬಿತ್ತೀನ್ರೀ."

"ಅದನ್ನ ಹೇಳೋದು. ನಿಮ್ಮಪ್ಪಗೂ ತಿಳಿದಿರಲಿಲ್ಲ."

ಆ ಮನುಷ್ಯ ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೋದ. ಭಾವ ನನ್ನ ಕಡೆ ತಿರುಗಿ, "ನೋಡಿದ್ಯಾ ಟೀಚರಮ್ಮ, ಇವರಿಗೆ ತಿಳಿಸಿ ಹೇಳೋದೇ ಒಂದು ಕೆಲಸ," ಅಂದ. ನಿಜಕ್ಕೂ ಬೇಸರದಿಂದ ಅಂದ. ಆತನ ವಿಶೇಷ ಅದೇ. ಸುಳ್ಳು ಹೇಳುತ್ತಿರಲಿಲ್ಲ, ತಾನು ಹೇಳಿದ್ದನ್ನು ತಾನೇ ನಂಬುತ್ತಿದ್ದ.

ಆತನಿಗೆ ಮೂರು ಭಾಷೆ ಬರುತ್ತಿತ್ತು, ಮೂರಕ್ಕೂ ಬೇರೆಬೇರೆ ಬೆನ್ನು. ಅಧಿಕಾರಿಗಳು ಬಂದರೆ ತೆಲುಗು, ಬೆನ್ನು ಬಾಗುತ್ತಿತ್ತು. ಹೈದರಾಬಾದಿನ ಕಂಪನಿಯವರು ಫೋನ್ ಮಾಡಿದರೆ ಹಿಂದಿ, ಕೂತವನು ಎದ್ದು ನಿಲ್ಲುತ್ತಿದ್ದ. ಕನ್ನಡ ರೈತರಿಗೆ ಮತ್ತು ಮನೆಗೆ, ಮನೆ ಅಂದರೆ ಅಕ್ಕನಿಗೆ. ಕನ್ನಡ ಆಡುವಾಗ ಆತ ಯಾವತ್ತೂ ಗೋಡೆಗೊರಗಿ ಕಾಲು ಚಾಚಿರುತ್ತಿದ್ದ. ಅದರಲ್ಲೂ ಅಕ್ಕನ ಹೆಸರು ಬರುತ್ತಿರಲಿಲ್ಲ. ಆಕೆಯ ಹೆಸರು ಸರೋಜ. ಆತನ ಬಾಯಲ್ಲಿ ಅದು "ಏಯ್", ಇಲ್ಲವೆ "ಯಾರದು ಒಳಗ?"

ಒಳಗೆ ಇದ್ದದ್ದು ಗಿರಣಿ. ಮನೆಯ ಬೀದಿ ಕಡೆಯ ಕೋಣೆಯಲ್ಲಿ ಅಕ್ಕ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಳು. ಮದುವೆಯಲ್ಲಿ ಅಪ್ಪ ಕೊಟ್ಟ ಹಿತ್ತಾಳೆ ಪಾತ್ರೆಗಳನ್ನೆಲ್ಲ ಮಾರಿ ತಂದ ಯಂತ್ರ ಅದು. ಬೆಳಿಗ್ಗೆ ಅಡುಗೆ ಮುಗಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೋಟಾರು ಹಾಕಿದರೆ ಓಣಿಯ ಹೆಂಗಸರು ಜೋಳದ ಡಬ್ಬಿ ಹೊತ್ತು ಬರುತ್ತಿದ್ದರು. ಅಕ್ಕ ಬಿಸಿ ಹಿಟ್ಟನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ, ಕಲ್ಲನ್ನು ಒಂದಿಷ್ಟು ಬಿಗಿ ಮಾಡುವಳು. ಹುಬ್ಬಿನ ಮೇಲೆ ಸದಾ ಹಿಟ್ಟು. ಆಕೆ ನಗುವುದನ್ನು ನೋಡಬೇಕಾದರೆ ಆ ಕೋಣೆಗೇ ಹೋಗಬೇಕಿತ್ತು. ಮೋಟಾರಿನ ಸದ್ದಿನಲ್ಲಿ ನಗು ಕೇಳುತ್ತಿರಲಿಲ್ಲ, ಹಲ್ಲು ಮಾತ್ರ ಕಾಣುತ್ತಿತ್ತು. ಮನೆಯ ತರಕಾರಿಯಿಂದ ಹಿಡಿದು ಭಾವನ ಇಸ್ತ್ರಿ ಅಂಗಿಯವರೆಗೆ ಎಲ್ಲ ನಡೆಯುತ್ತಿದ್ದದ್ದು ಆ ಗಿರಣಿಯಿಂದ. ಭಾವ ಅದನ್ನು "ಟೈಂಪಾಸ್" ಅನ್ನುತ್ತಿದ್ದ.

ಆಸ್ಪರಿ ಕಡೆಯ ಹೊಲ ಮಾರಿದ ವರ್ಷ ಆ ಕಾರು ಬಂತು. ಹೈದರಾಬಾದಿನ ಯಾರೋ ಕಂಟ್ರಾಕ್ಟರ್ ಓಡಿಸಿ ಸಾಕಾಗಿ ಬಿಟ್ಟದ್ದು. ನಮ್ಮೂರಲ್ಲಿ ಅಂಥದ್ದು ಯಾರ ಹತ್ತಿರವೂ ಇರಲಿಲ್ಲ. ಪೆಟ್ರೋಲ್ ಎಂಜಿನ್ನೂ ಇದೆ, ದೊಡ್ಡ ಬ್ಯಾಟರಿಯೂ ಇದೆ. ಮನೆಯ ಪ್ಲಗ್ಗಿಗೆ ಕೇಬಲ್ ಸಿಕ್ಕಿಸಿ ಬ್ಯಾಟರಿ ತುಂಬಿಸಿದರೆ ಒಂದಷ್ಟು ದೂರ ಸದ್ದಿಲ್ಲದೆ ಕರೆಂಟಿನಲ್ಲಿ ಓಡುತ್ತದೆ. ಅದು ಮುಗಿದರೆ ಪೆಟ್ರೋಲು. ಪ್ಲಗ್ ಇನ್ ಹೈಬ್ರಿಡ್ ಎಂದು ಅದರ ಹೆಸರು. ಭಾವ ಇದನ್ನು ಓಣಿಯ ಮಧ್ಯೆ ನಿಂತು ವಿವರಿಸಿದಾಗ, ಗಿರಣಿಗೆ ಬಂದಿದ್ದ ಎದುರು ಮನೆಯ ಉರುಕುಂದಮ್ಮ ಡಬ್ಬಿ ಕೆಳಗಿಟ್ಟು ಕೇಳಿದಳು.

"ಅಂದ್ರ ಇದಕ್ಕ ಎರಡು ಹೊಟ್ಟಿ ಅನ್ನು."

"ನಿನಗ ತಿಳಿಯಲ್ಲ ಬಿಡಮ್ಮ," ಅಂದ ಭಾವ.

ಹೆಸರು ಮಾತ್ರ ನಿಂತಿತು. ಓಣಿಗೆಲ್ಲ ಅದು ಎರಡು ಹೊಟ್ಟೆಯ ಕಾರು.

ಮೊದಲ ಸವಾರಿಗೆ ಅಕ್ಕನನ್ನೂ ನನ್ನನ್ನೂ ಹಿಂದೆ ಕೂರಿಸಿಕೊಂಡು ಎಮ್ಮಿಗನೂರು ರಸ್ತೆಗೆ ಕರೆದೊಯ್ದ. ಸುಡು ಬೇಸಿಗೆ. ಏಸಿ ಹಾಕಲಿಲ್ಲ. ಹಾಕಿದರೆ ಚಾರ್ಜು ಕುಡಿಯುತ್ತದಂತೆ. ಕಿಟಕಿ ಇಳಿಸಿ ಭಾವ ಅಂದೆ. ಇಳಿಸಿದರೆ ಗಾಳಿ ತಡೆದು ಇನ್ನೂ ಚಾರ್ಜು ಹೋಗುತ್ತದಂತೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಊರು ದಾಟುವುದರೊಳಗೇ ಬ್ಯಾಟರಿ ಬರಿದಾಗಿ ಪೆಟ್ರೋಲ್ ಎಂಜಿನ್ ಗುರ್ರೆಂದು ಎದ್ದಿತು. ಭಾವ ಥಟ್ಟನೆ ಹಿಂದೆ ತಿರುಗಿದ.

"ಯಾರು ಅಲುಗಾಡಿದ್ರಿ?"

ನಾನು ನಕ್ಕೆ. ಅಕ್ಕ ನನ್ನ ತೊಡೆ ಚಿವುಟಿದಳು. ಹಳೆಯ ಬ್ಯಾಟರಿ ಸವೆದಿದೆ, ಹೊಸದರಲ್ಲಿ ಓಡಿದಷ್ಟು ಈಗ ಓಡುವುದಿಲ್ಲ ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುವ ವಿಷಯ. ಆದರೆ ತಾನು ಆರಿಸಿ ತಂದ ವಸ್ತು ಸವೆದಿದೆ ಎಂದು ಒಪ್ಪುವುದಕ್ಕಿಂತ ಅಕ್ಕ ಅಲುಗಾಡಿದಳು, ಆಕೆಯ ತೂಕ ಜಾಸ್ತಿ ಎಂದು ಒಪ್ಪುವುದು ಆತನಿಗೆ ಸುಲಭವಾಗಿತ್ತು. ಅಲ್ಲಿಂದಾಚೆಗೆ ಆಕೆಯನ್ನು ಕಾರಿಗೆ ಹತ್ತಿಸಿದ್ದು ನನಗೆ ನೆನಪಿಲ್ಲ.

ಸ್ವಲ್ಪ ದಿನಕ್ಕೆ ಚಾರ್ಜಿಂಗ್ ನಿಂತಿತು. ಕೇಬಲ್ಲಿನ ನಡುವೆ ಇರುವ ಡಬ್ಬಿಯಲ್ಲಿ ಹಸಿರು ದೀಪದ ಬದಲು ಕೆಂಪು. ಭಾವ ಕೇಬಲನ್ನು ತಟ್ಟಿದ, ಬಿಸಿಲಿಗಿಟ್ಟ, ತಿರುಗಿಸಿ ಸಿಕ್ಕಿಸಿದ. "ಗಿರಣಿ ಧೂಳು ಹೋಗೇತಿ ಇದರಾಗ," ಅಂದ. ಕೊನೆಗೆ ಕರೆಂಟ್ ಕೆಲಸದವನೊಬ್ಬ ಬಂದು, ಮನೆಗೆ ಸರಿಯಾದ ಅರ್ಥಿಂಗ್, ಅಂದರೆ ಕರೆಂಟು ನೆಲಕ್ಕಿಳಿಯುವ ದಾರಿ, ಇಲ್ಲದ್ದಕ್ಕೆ ಹಿಂಗಾಗಿದೆ, ಹಿತ್ತಲಿನ ಅರ್ಥಿಂಗ್ ಗುಂಡಿ ಒಣಗಿದೆ, ಇದ್ದಲು ಉಪ್ಪು ತುಂಬಿ ನೀರು ಹಾಕಿ ಹಸಿ ಇಟ್ಟುಕೊಳ್ಳಿ ಅಂದ. ಹಾಗೆ ಮಾಡಿದ ಕೂಡಲೆ ಹಸಿರು ದೀಪ ಬಂತು. ಭಾವ ಅದನ್ನು ತಾನೇ ಕಂಡುಹಿಡಿದಂತೆ ವಾರಗಟ್ಟಲೆ ಹೇಳಿಕೊಂಡು ತಿರುಗಿದ.

ಇದರಲ್ಲಿ ತಪ್ಪೇನಿಲ್ಲ. ಆದರೆ ಅದು ಬೇಸಿಗೆ, ಅದು ಆದೋನಿ. ನಲ್ಲಿಗೆ ನೀರು ಬರುವ ದಿನ ಮನೆಮಂದಿಯೆಲ್ಲ ಬೇರೆ ಕೆಲಸ ಬಿಟ್ಟು ಕೊಡ ಹಿಡಿದು ನಿಲ್ಲುವ ಊರು. ನಮ್ಮ ಮಣ್ಣು ಎಷ್ಟು ಸುರಿದರೂ ಕುಡಿಯುತ್ತದೆ. ದಿನಾ ಗುಂಡಿಗೆ ಒಂದು ಕೊಡ ಸುರಿಯುವ ಕೆಲಸ ಅಕ್ಕನ ಪಾಲಿಗೆ ಬಂತು. ಅಂಗಡಿಯಿಂದ ಫೋನ್ ಬರುತ್ತಿತ್ತು, "ಗುಂಡಿಗೆ ನೀರು ಹಾಕಿದ್ಯಾ?" ಊಟ ಆಯಿತಾ ಎಂದು ಯಾರೂ ಅಷ್ಟು ತಪ್ಪದೆ ಕೇಳುವುದಿಲ್ಲ. ನಲ್ಲಿ ನೀರು ಬಾರದ ಒಂದು ವಾರ ಅಕ್ಕ ತಲೆಗೆ ನೀರು ಹಾಕಿಕೊಳ್ಳದೆ ಹಿಟ್ಟು ಮೆತ್ತಿದ ಕೂದಲು ಗಂಟುಕಟ್ಟಿಕೊಂಡು ಓಡಾಡಿದ್ದನ್ನು ನಾನು ನೋಡಿದ್ದೇನೆ. ಆ ವಾರವೂ ಗುಂಡಿ ಒಣಗಲಿಲ್ಲ.

"ಇದು ಹುಚ್ಚು ಅಲ್ಲೇನಕ್ಕ?" ಅಂದೆ.

"ಕೆಂಪು ಲೈಟ್ ಬಂದ್ರ ಇನ್ನೂ ಹುಚ್ಚು ಹೆಚ್ಚಾಗ್ತೈತಿ. ನೀರು ಹಾಕೋದು ಸುಲಭ," ಅಂದಳು ಆಕೆ.

ಆಮೇಲೆ ಗಿರಣಿಯ ಸರದಿ. ಗಿರಣಿಯ ಮೋಟಾರೂ ಕಾರಿನ ಚಾರ್ಜರೂ ಒಟ್ಟಿಗೆ ಓಡಿದರೆ ಮನೆಯ ಕರೆಂಟು ಬಿದ್ದುಹೋಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದು ಮಲಗುವಾಗ ಕಾರು ಚಾರ್ಜಿಗೆ ಹಾಕಬಹುದಿತ್ತು. ಆದರೆ ಬೆಳಿಗ್ಗೆಯ ಕರೆಂಟು ಗಟ್ಟಿ, ಮಧ್ಯಾಹ್ನದ್ದು ಸಡಿಲ ಎಂದು ಯಾವನೋ ಹೇಳಿದ್ದನಂತೆ. ಹಾಗಾಗಿ ಹೆಂಗಸರು ಡಬ್ಬಿ ಹೊತ್ತು ಬರುವ ಹೊತ್ತಿಗೇ ಕೇಬಲ್ ಸಿಕ್ಕಿಸಿ, ಸ್ವಿಚ್ಚಿನ ಮೇಲೆ "ಮುಟ್ಟಬಾರದು" ಎಂದು ಚೀಟಿ ಅಂಟಿಸಿ, ತಾನು ಸ್ಕೂಟರಿನಲ್ಲಿ ಅಂಗಡಿಗೆ ಹೋಗುತ್ತಿದ್ದ. ಕಾರು ಬಾಗಿಲಲ್ಲಿ ನಿಂತು ಕುಡಿಯುತ್ತಿತ್ತು. ಯಜಮಾನ ಸ್ಕೂಟರಿನಲ್ಲಿ. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಆತನಿಗೆ ಯಾವತ್ತೂ ಅನ್ನಿಸಲಿಲ್ಲ.

ಹೆಂಗಸರು ಬಾಗಿಲವರೆಗೆ ಬಂದು ವಾಪಸು ಹೋಗತೊಡಗಿದರು. ಆಮೇಲೆ ಬರುವುದನ್ನೇ ಬಿಟ್ಟು ಮಾರ್ಕೆಟ್ ಹತ್ತಿರದ ಗಿರಣಿಗೆ ಹೋದರು. ಅಷ್ಟು ದೂರ ಡಬ್ಬಿ ಹೊರಲಾಗದ ಉರುಕುಂದಮ್ಮ ಮಾತ್ರ ಬೀಸದ ಜೋಳ ಮನೆಯಲ್ಲಿಟ್ಟುಕೊಂಡು ಅನ್ನ ಉಂಡಳು. ಖಾಲಿ ಗಿರಣಿಯಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಹುಬ್ಬಿನ ಮೇಲೆ ಹಿಟ್ಟಿಲ್ಲದ ಅಕ್ಕನನ್ನು ನಾನು ಮೊದಲ ಸಲ ನೋಡಿದ್ದು ಆಗ. ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು.

ಗಿರಣಿ ನಿಂತ ಮೇಲೆ ಅಲ್ಲಿದ್ದ ಇಲಿಗಳು ಕಾರಿಗೆ ಹೋದವು. ಬಾನೆಟ್ಟಿನೊಳಗೆ ಯಾವುದೋ ವೈರು ಕಡಿದವು. ಕಾರಿನ ಪರದೆಯ ಮೇಲೆ ಹಳದಿ ಅಕ್ಷರಗಳು ಬಂದವು. ಭಾವ ಕಾರಿನ ಜೊತೆ ಬಂದ ಪುಸ್ತಕ ಓದಲಿಲ್ಲ. ಫ್ಯೂಸ್ ತೆಗೆದು ಊದಿದ, ಹಾರ್ನು ದೀಪಗಳಿಗೆಂದೇ ಇರುವ ಸಣ್ಣ ಬ್ಯಾಟರಿಯ ತಂತಿ ಬಿಚ್ಚಿ ಮತ್ತೆ ಹಾಕಿದ, ನಿಂಬೆಹಣ್ಣು ಕಟ್ಟಿದ. ಕೊನೆಗೆ ಹೈದರಾಬಾದಿನಿಂದ ಬಂದ ಮೆಕ್ಯಾನಿಕ್ ವೈರು ಬದಲಾಯಿಸಿ, ಇಲಿ ಬರದಂತೆ ನೋಡಿಕೊಳ್ಳಿ ಎಂದು ಹೇಳಿ ಹೋದ. ಅಷ್ಟು ಸಾಕಾಯಿತು. ಭಾವ ತೀರ್ಪು ಕೊಟ್ಟ. ಕಾಳು ಇದ್ದಲ್ಲಿ ಇಲಿ, ಆದ್ದರಿಂದ ಗಿರಣಿ ಹೋಗಬೇಕು. ಅಕ್ಕನನ್ನು ಕೇಳಲಿಲ್ಲ. ಆಸ್ಪರಿಯಿಂದ ಗಿರಣಿ ಕೊಳ್ಳುವವನೊಬ್ಬನನ್ನು ಗೊತ್ತು ಮಾಡಿದ.

ಆತ ಬಂದ ದಿನ ಭಾನುವಾರ, ನಾನು ಅಲ್ಲೇ ಇದ್ದೆ. ಟ್ರಾಲಿ ಆಟೋ ಓಣಿಯ ತುದಿಯಲ್ಲಿ ನಿಲ್ಲಿಸಿ ಬಂದ ಆ ಮನುಷ್ಯ ಯಂತ್ರದ ಸುತ್ತ ಒಂದು ಸುತ್ತು ಬಂದು, ಕಲ್ಲು ತಟ್ಟಿ ನೋಡಿ, ಓಡಿಸಿ ತೋರಿಸಿ ಅಂದ. ಭಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ. ಕಾರು ಚಾರ್ಜಿಗಿತ್ತು.

"ಚಾರ್ಜ್ ಮುಗೀಲಿ, ಆಮ್ಯಾಲೆ ಓಡಿಸೋಣಂತೆ," ಅಂದ ಭಾವ.

"ನಾ ಅಷ್ಟೊತ್ತು ಕೂಡಂಗಿಲ್ರೀ. ಓಡೋದು ನೋಡ್ಲಾರದೆ ಎತ್ತಿಕೊಂಡು ಹೋಗಲ್ಲ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚೀಟಿ ಅಂಟಿಸಿದ್ದ ಸ್ವಿಚ್ಚಿನ ಹತ್ತಿರ ಹೋಗಿ ಅದನ್ನು ಆರಿಸಿದಳು. ಭಾವ "ಏಯ್" ಅನ್ನುವುದರೊಳಗೆ ಮೋಟಾರು ಹಾಕಿದಳು. ಮನೆಯಲ್ಲಿದ್ದ ಜೋಳ ತಂದು ಸುರಿದಳು. ಕಲ್ಲು ತಿರುಗಿತು. ತಿಂಗಳುಗಳಿಂದ ಸುಮ್ಮನಿದ್ದ ಸದ್ದು ಓಣಿಗೆಲ್ಲ ಕೇಳಿತು.

ಮೊದಲು ಬಂದವಳು ಉರುಕುಂದಮ್ಮ. ಡಬ್ಬಿಯನ್ನು ತಲೆಯ ಮೇಲೆ ಇಟ್ಟುಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ತಬ್ಬಿಕೊಂಡು ಬಂದಳು. ಆಕೆಯ ಹಿಂದೆ ಪಕ್ಕದ ಮನೆಯವಳು, ಆಮೇಲೆ ಮೂಲೆ ಮನೆಯ ಅತ್ತೆ ಸೊಸೆ. "ಚಾಲು ಮಾಡಿದ್ಯಾ ಸರೋಜಾ? ಮೊದಲೇ ಹೇಳಬೇಕಿಲ್ಲೇನು?" ಎಂದು ಬೈಯುತ್ತಲೇ ಡಬ್ಬಿಗಳನ್ನು ಸಾಲಾಗಿ ಇಟ್ಟರು. ಅಕ್ಕ ಒಂದಾದ ಮೇಲೊಂದು ಸುರಿಯುತ್ತ ಹೋದಳು. ಆಕೆಯ ಹುಬ್ಬು ಬೆಳ್ಳಗಾಯಿತು. ಆಸ್ಪರಿಯವನು ಬಾಗಿಲ ಪಕ್ಕ ಸರಿದು ನಿಂತು ಎಲ್ಲ ನೋಡಿದ. ಆಮೇಲೆ ಭಾವನ ಹತ್ತಿರ ಬಂದು ತೆಲುಗಿನಲ್ಲಿ ಕೇಳಿದ, "ಇಂತ ಗಿರಾಕಿ ಉಂಟೆ ಎಂದುಕು ಅಮ್ಮುತುನ್ನಾರು ಸಾರ್?" ಇಷ್ಟು ಗಿರಾಕಿ ಇರುವಾಗ ಯಾಕೆ ಮಾರುತ್ತೀರಿ ಎಂದು.

ಭಾವ ತೆಲುಗು ಬಿಟ್ಟು ಕನ್ನಡದಲ್ಲಿ, "ಇಲಿ," ಅಂದ.

"ಈ ಅಮ್ಮಂದಿರ ಶಾಪ ನಂಗ ಬ್ಯಾಡ್ರಿ," ಎಂದು ಆ ಮನುಷ್ಯ ಖಾಲಿ ಟ್ರಾಲಿ ತಿರುಗಿಸಿಕೊಂಡು ಹೋದ.

ಅಷ್ಟು ಜನರೆದುರು ಭಾವನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದವನೇ ಕಾರು ಹತ್ತಿ ಬಾಗಿಲು ಧಡ್ಡೆಂದು ಹಾಕಿದ. ಸಿಟ್ಟಿನಿಂದ ಹೊರಟುಹೋಗುವುದು ಆತನ ಉದ್ದೇಶ. ಕಾರು ಹೊರಡಲಿಲ್ಲ. ಗುಂಡಿ ಒತ್ತಿದ, ಗೇರು ಎಳೆದ, ಸ್ಟಿಯರಿಂಗ್ ಗುದ್ದಿದ. ಪರದೆಯ ಮೇಲೆ ಏನೋ ಬರೆದು ಬರುತ್ತಿತ್ತು, ಓದಲಿಲ್ಲ. ಗಾಜು ಇಳಿಸಿ ಒದರಿದ.

"ನೋಡ್ರಿ, ಮತ್ತೆ ಇಲಿ! ಈ ಗಿರಣಿ ಇರೋತನಕ ಇದು ಓಡಲ್ಲ!"

ಹೈದರಾಬಾದಿಗೆ ಫೋನ್ ಹಚ್ಚಿ ಹಿಂದಿಯಲ್ಲಿ ಕೂಗಾಡಿದ. ಗಿರಣಿಯ ಸಾಲಿನಲ್ಲಿದ್ದ ಹೆಂಗಸರೆಲ್ಲ ಹೊರಗೆ ಬಂದು ನಿಂತರು. ಅಕ್ಕ ಆರಿಸಿದ್ದು ಗೋಡೆಯ ಸ್ವಿಚ್ಚು ಮಾತ್ರ. ಕೇಬಲ್ಲಿನ ಇನ್ನೊಂದು ತುದಿ ಕಾರಿನ ಪಕ್ಕೆಯಲ್ಲೇ ಸಿಕ್ಕಿಕೊಂಡಿತ್ತು. ಅದು ಸಿಕ್ಕಿಕೊಂಡಿರುವಷ್ಟು ಹೊತ್ತು ಆ ಕಾರು ಕದಲದಂತೆ ಮಾಡಿಟ್ಟಿರುತ್ತಾರೆ. ನನಗೆ ಆಗ ಅದು ಗೊತ್ತಿರಲಿಲ್ಲ. ಉರುಕುಂದಮ್ಮನಿಗೂ ಗೊತ್ತಿರಲಿಲ್ಲ. ಆಕೆಗೆ ಕಂಡದ್ದು ಇಷ್ಟೇ.

"ಕಣ್ಣಿ ಬಿಚ್ಚಲಾರದೆ ಎತ್ತು ಹೊಡೀತಿಯಲ್ಲೋ ಯಪ್ಪಾ!"

ಓಣಿ ನಕ್ಕಿತು. ಗಿರಣಿಯೊಳಗಿಂದ ಅಕ್ಕ ಹೊರಗೆ ಬಂದು, ಕೇಬಲ್ ಕಿತ್ತು, ಸುತ್ತಿ, ಕೈಯಲ್ಲಿ ಹಿಡಿದುಕೊಂಡು ದಾರಿ ಬಿಟ್ಟು ನಿಂತಳು. ಭಾವ ಆಕೆಯ ಮುಖ ನೋಡದೆ ಕಾರು ಓಡಿಸಿಕೊಂಡು ಹೋದ. ಅಷ್ಟು ಆಗಿಯೂ ಸಂಜೆ ಬಂದು ಆತ ಹೇಳಿದ್ದು, "ಕೇಬಲ್ ಅಲ್ಲ, ಅದು ಸಾಫ್ಟ್‌ವೇರ್."

ಮರುದಿನದಿಂದ ಕಾರಿಗೆ ಮಧ್ಯಾಹ್ನದ ಸಡಿಲ ಕರೆಂಟೇ ಗತಿಯಾಯಿತು. ಅಕ್ಕ ಜಗಳ ಮಾಡಲಿಲ್ಲ, ಒಪ್ಪಿಗೆಯನ್ನೂ ಕೇಳಲಿಲ್ಲ. ಬೆಳಿಗ್ಗೆ ಮೋಟಾರು ಹಾಕುತ್ತಿದ್ದಳು, ಅಷ್ಟೇ. ಗುಂಡಿಗೆ ನೀರು ಸುರಿಯುವುದನ್ನೂ ನಿಲ್ಲಿಸಿದಳು. ಭಾವ ಆಕೆಯೊಂದಿಗೆ ಮಾತು ಬಿಟ್ಟ. ಹೇಳುವುದಿದ್ದರೆ ನನಗೆ ಫೋನ್ ಮಾಡಿ, "ನಿಮ್ಮಕ್ಕಗ ಹೇಳು, ಅನ್ನ ಮೆತ್ತಗಾಗೇತಿ," ಅನ್ನುತ್ತಿದ್ದ. ಪೆದ್ದಹರಿವಾಣದ ಶಾಲೆಯ ಜಗುಲಿಯಲ್ಲಿ ನಿಂತು ನಾನು ಆದೋನಿಯ ಅನ್ನದ ಸುದ್ದಿ ಕೇಳಿಸಿಕೊಳ್ಳುತ್ತಿದ್ದೆ.

ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಅದನ್ನೂ ಒಪ್ಪಿರಲಿಲ್ಲ. ಅದು ಲ್ಯಾಬಿನವರ ಮಿಷನ್ ತಪ್ಪು. ಕಾಲಿನ ಗಾಯ ಮಾಯದೆ, ಮೂತ್ರಪಿಂಡ ಕೈಕೊಟ್ಟು, ಕೊನೆಯ ವರ್ಷ ಹಾಸಿಗೆ ಹಿಡಿದ. ಅಂಗಡಿ ಮುಚ್ಚಿತು. ಕಾರು ಬಾಗಿಲಲ್ಲೇ ನಿಂತು ಟೈರು ಕುಸಿಯಿತು. ದೊಡ್ಡ ಬ್ಯಾಟರಿ ಪೂರ್ತಿ ಕೆಟ್ಟಿದೆ, ಬದಲಾಯಿಸುವುದೊಂದೇ ದಾರಿ ಎಂದು ಕಂಪನಿಯವರು ಹೇಳಿದರು. "ಅವರಿಗೆ ತಿಳಿಯಲ್ಲ," ಅಂದ.

ಮಾತು ಬಿಟ್ಟಿದ್ದನಲ್ಲ, ಹಾಸಿಗೆಯಿಂದ ಅಕ್ಕನನ್ನು ಕರೆಯುವುದು ಹೇಗೆ? ಅದಕ್ಕೂ ಒಂದು ಉಪಾಯ ಮಾಡಿಕೊಂಡ. ಕಾರಿನ ಕೀಲಿ ದಿಂಬಿನ ಪಕ್ಕ ಇಟ್ಟುಕೊಂಡು ಅದರ ಗುಂಡಿ ಒತ್ತುವನು. ಬಾಗಿಲಲ್ಲಿ ಕಾರು ಕುಂಯ್ ಎಂದು ಕೂಗುವುದು. ಗಿರಣಿಯಲ್ಲಿರುವ ಅಕ್ಕ ಮೋಟಾರು ಆರಿಸಿ ಒಳಗೆ ಬರುವಳು. ನೀರು ಬೇಕಿದ್ದರೆ ಒಂದು ಸಲ, ಮೂತ್ರದ ಪಾತ್ರೆ ಇಡಬೇಕಿದ್ದರೆ ಎರಡು ಸಲ. ಮೊದಲ ಸಲ ಇದನ್ನು ನೋಡಿದಾಗ ನನಗೆ ಮೈ ಉರಿಯಿತು.

"ಅಕ್ಕಗ ಒಂದು ಹೆಸರೈತಿ ಭಾವ. ಅದನ್ನ ಹಿಡಿದು ಕರೀರಿ," ಅಂದೆ.

ಆತ ಗೋಡೆ ಕಡೆ ಹೊರಳಿದ. ನಾನು ಲೋಟದಲ್ಲಿ ನೀರು ಹಿಡಿದೆ. ಕುಡಿಯಲಿಲ್ಲ. ಕೀಲಿಯನ್ನೇ ಒತ್ತಿದ. ಅಕ್ಕ ಬಂದು, ನನ್ನ ಕೈಯ ಲೋಟವನ್ನೇ ತೆಗೆದುಕೊಂಡು ಕುಡಿಸಿದಳು.

ತೀರಿಕೊಳ್ಳುವ ಮುಂಚಿನ ಶನಿವಾರ ನಾನು ಹೋದಾಗ ಗಿರಣಿ ಓಡುತ್ತಿತ್ತು. ಒಳಗೆ ಭಾವ ಕೀಲಿ ಹಿಡಿದು ಒತ್ತುತ್ತಿದ್ದ. ಹೊರಗೆ ಸದ್ದಿಲ್ಲ. ನಿಂತು ನಿಂತು ಕಾರಿನ ಸಣ್ಣ ಬ್ಯಾಟರಿಯೂ ಸತ್ತಿತ್ತು. ಆತನ ತುಟಿ ಒಣಗಿ ಬಿಳಿಚಿತ್ತು. ನಾನು ಗಿರಣಿಗೆ ಹೋಗಿ ಅಕ್ಕನಿಗೆ ಸನ್ನೆ ಮಾಡಿದೆ. ಆಕೆ ಮೋಟಾರು ಆರಿಸಿ, ಕೈ ಒರೆಸಿಕೊಂಡು, ನೀರು ತಂದು ಮಂಚದ ಪಕ್ಕ ನಿಂತಳು. ಒಂದು ಮೊಳದ ದೂರ. ಭಾವ ಕಣ್ಣೆತ್ತಿ ಆಕೆಯನ್ನು ನೋಡಿದ. ಬಾಯಿ ತೆರೆದ, ಏನೋ ಹೇಳುತ್ತಾನೆ ಅಂದುಕೊಂಡೆ. ಬಾಯಿ ಮತ್ತೆ ಮುಚ್ಚಿತು. ಹೆಬ್ಬೆರಳು ಕೀಲಿಯ ಮೇಲೆ ಹೋಯಿತು.

"ಇಲ್ಲೇ ಅದೀನಿ ರೀ," ಅಂದಳು ಅಕ್ಕ.

ಆತ ಒತ್ತುತ್ತಲೇ ಇದ್ದ.